ಕುಡಿತ ಬಿಟ್ಟು ಬಾ ಎನ್ನಬೇಡಿ, ಮೊದಲು ಕಫ ಪರೀಕ್ಷೆ ಮಾಡಿ

ಕೊಡಗು ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಪೊಲೀಸ್ ಅಧಿಕಾರಿಗಳಿಗೆ ಮತ್ತು ನಮ್ಮ ಕಾಫಿ ಬೆಳೆಗಾರರಿಗೆ,

ನಮಸ್ಕಾರ.

ಇನ್ನು ಕೆಲವೇ ವಾರಗಳಲ್ಲಿ ಕಾಫಿ ಕುಯ್ಲು ಶುರುವಾಗುತ್ತದೆ. ಮೊದಲು ಅರೇಬಿಕಾ, ಅದರ ಹಿಂದೆ ರೊಬಸ್ಟಾ. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಕಾರ್ಮಿಕರು ಬಂದಿಳಿಯುತ್ತಾರೆ. ಹಾಡಿಗಳಿಂದ (ಆದಿವಾಸಿಗಳ ಊರುಗಳಿಂದ) ಬೆಳಗ್ಗೆ ಜೀಪು, ಪಿಕಪ್ ತುಂಬ ಜನ ತೋಟಕ್ಕೆ ಹೋಗುತ್ತಾರೆ. ಲೈನ್ ಮನೆಗಳು, ಅಂದರೆ ತೋಟದ ಕಾರ್ಮಿಕರ ಸಾಲು ಮನೆಗಳು, ತುಂಬಿಕೊಳ್ಳುತ್ತವೆ. ಅಷ್ಟರೊಳಗೆ ಟಿ.ಬಿ. (ಕ್ಷಯ) ಬಗ್ಗೆ ಒಂದು ವಿಷಯ ನಿಮ್ಮ ಕಿವಿಗೆ ಬೀಳಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ನಾನು ದಕ್ಷಿಣ ಕೊಡಗಿನಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಕಫದ ಡಬ್ಬಿ ಹಿಡಿದು ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಸುತ್ತಿನ ತೋಟ ಮತ್ತು ಹಾಡಿಗಳಲ್ಲಿ ಓಡಾಡಿದವಳು.

ಕುಡಿತಕ್ಕೆ, ಗಾಂಜಾಕ್ಕೆ, ನೋವಿನ ಮಾತ್ರೆಗೆ, ಕೆಮ್ಮಿನ ಸಿರಪ್ಪಿಗೆ, ಬ್ರೌನ್ ಶುಗರ್‌ಗೆ ಅಂಟಿಕೊಂಡವರಿಗೆ ಟಿ.ಬಿ. ಬರುವ ಅಪಾಯ ಉಳಿದವರಿಗಿಂತ ಬಹಳ ಜಾಸ್ತಿ. ಆದರೆ ನಾವು ಅವರನ್ನು ಪರೀಕ್ಷೆ ಮಾಡುವುದು ಎಲ್ಲರಿಗಿಂತ ಕೊನೆಗೆ. ಎಷ್ಟೋ ಸಲ ಮಾಡುವುದೇ ಇಲ್ಲ. ಅವರು ಆಸ್ಪತ್ರೆಗೆ ಬಂದರೂ 'ಮೊದಲು ಕುಡಿತ ಬಿಟ್ಟು ಬಾ' ಎಂದು ವಾಪಸ್ ಕಳಿಸುತ್ತೇವೆ. ಇದು ನಿಲ್ಲಬೇಕು. ನಾನು ಕೇಳುತ್ತಿರುವುದು ಇದನ್ನೇ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕ್ಷಯದ ರೋಗಾಣು ಹರಡುವುದು ಗಾಳಿಯಲ್ಲಿ. ರೋಗಿ ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗಲೂ ಅದು ಗಾಳಿಗೆ ಸೇರುತ್ತದೆ. ತಟ್ಟೆ, ಲೋಟ, ಬಟ್ಟೆಯಿಂದ ಹರಡುವುದಿಲ್ಲ. ಜಗತ್ತಿನ ಸುಮಾರು ಕಾಲು ಭಾಗ ಜನರ ಮೈಗೆ ಈ ರೋಗಾಣು ಹೊಕ್ಕಿದೆ ಎಂದು ಅಂದಾಜು. ಆದರೆ ಅವರಲ್ಲಿ 100ಕ್ಕೆ 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲೋ ಕಾಯಿಲೆಯಾಗಿ ಏಳುತ್ತದೆ. ಉಳಿದವರ ಮೈ ಅದನ್ನು ಅದುಮಿಟ್ಟುಕೊಂಡಿರುತ್ತದೆ. ಆ ಶಕ್ತಿ ಕುಗ್ಗಿದಾಗಲೇ ರೋಗ ಮೇಲೇಳುವುದು. ವಿಪರೀತ ಕುಡಿಯುವವರಿಗೆ ಈ ಅಪಾಯ ಸುಮಾರು ಮೂರು ಪಟ್ಟು. ಸರಿಯಾಗಿ ಊಟವಿಲ್ಲದೆ ಸೊರಗಿದವರಿಗೂ ಹೆಚ್ಚುಕಡಿಮೆ ಅಷ್ಟೇ. ಬೀಡಿ ಸಿಗರೇಟು ಅದನ್ನು ಇನ್ನೂ ಏರಿಸುತ್ತದೆ. ಸೂಜಿ ಹಂಚಿಕೊಂಡು ಚುಚ್ಚಿಕೊಳ್ಳುವವರಿಗೆ ಎಚ್.ಐ.ವಿ. ಬಂದರಂತೂ ಅಪಾಯ ಹತ್ತು ಪಟ್ಟಿಗೂ ಮೇಲೆ ಹೋಗುತ್ತದೆ. ನಶೆಯಲ್ಲಿರುವ ಒಬ್ಬ ಮನುಷ್ಯನಿಗೆ ಇವುಗಳಲ್ಲಿ ಒಂದೇ ಇರುವುದಿಲ್ಲ. ಕುಡಿತ, ಬೀಡಿ, ಅರೆಹೊಟ್ಟೆ ಎಲ್ಲವೂ ಒಟ್ಟಿಗೇ ಇರುತ್ತವೆ.

ಇದಕ್ಕೆ ನಮ್ಮ ಕೊಡಗಿನ ಮಳೆಗಾಲ ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನ್ ಮನೆಯ ಕಿಟಕಿ ತೆರೆಯುವ ಹಾಗೇ ಇಲ್ಲ. ಇರಚಲು ಹೊಡೆಯುತ್ತದೆ ಎಂದು ಪ್ಲಾಸ್ಟಿಕ್ ಕಟ್ಟಿರುತ್ತಾರೆ. ಒಳಗೆ ಒಲೆ ಉರಿಯುತ್ತದೆ, ಹಗ್ಗದಲ್ಲಿ ಒದ್ದೆ ಬಟ್ಟೆ ನೇತಾಡುತ್ತದೆ, ಮೂಲೆಯಲ್ಲಿ ಮಕ್ಕಳು ಮಲಗಿರುತ್ತಾರೆ. ಸಂಜೆ ನಾಲ್ಕು ಗಂಡಸರು ಮದ್ಯದ ಪ್ಯಾಕೆಟ್ ಇಟ್ಟುಕೊಂಡು ಕೂರುವುದೂ ಅದೇ ಕೋಣೆಯಲ್ಲಿ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂತು. ಆ ನಾಲ್ವರಲ್ಲಿ ಒಬ್ಬನಿಗೆ ಟಿ.ಬಿ. ಇದ್ದರೆ ಆ ಕೋಣೆಯಲ್ಲಿ ಉಸಿರಾಡುವವರೆಲ್ಲ ಅದರ ಪಾಲು ತೆಗೆದುಕೊಂಡ ಹಾಗೆಯೇ.

ಇದು ಬರೀ ಕಾರ್ಮಿಕರ ಸಮಸ್ಯೆ ಎಂದು ಯಾರೂ ನೆಮ್ಮದಿಯಾಗಿ ಇರಬೇಡಿ. ನಮ್ಮ ಪಟ್ಟಣಗಳ ಹುಡುಗರು ಕಾರಿನ ಗಾಜು ಏರಿಸಿಕೊಂಡು ಸೊಪ್ಪು (ಗಾಂಜಾ) ಸೇದುತ್ತಾರೆ. ಹೊಗೆ ಹೊರಗೆ ಹೋಗಬಾರದು ಎಂಬುದೇ ಅವರ ಉದ್ದೇಶ. ಅಮೆರಿಕದ ಸಿಯಾಟಲ್‌ನಲ್ಲಿ 2004ರಲ್ಲಿ ಯುವಕರ ಒಂದು ಗುಂಪಿನಲ್ಲಿ ಕ್ಷಯ ಹರಡಿತು. ಅಧಿಕಾರಿಗಳು ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಇದೇ ಅಭ್ಯಾಸ. ಗಾಜು ಮುಚ್ಚಿದ ಕಾರಿನಲ್ಲಿ ಒಟ್ಟಿಗೆ ಕೂತು ಗಾಂಜಾ ಸೇದುತ್ತಿದ್ದರು. ಓದಿದವರ ಮನೆಯ ಹುಡುಗನಾಗಲಿ, ಹಾಡಿಯ ಹುಡುಗನಾಗಲಿ, ಮುಚ್ಚಿದ ಜಾಗದ ಗಾಳಿ ಒಂದೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಟಿ.ಬಿ.ಯ ಪ್ರತಿಯೊಂದು ಲಕ್ಷಣಕ್ಕೂ ನಶೆಯಲ್ಲಿರುವವನ ವಿಷಯದಲ್ಲಿ ಒಂದು ಸಿದ್ಧ ಕಾರಣ ಇದ್ದೇ ಇರುತ್ತದೆ. ಕೆಮ್ಮಿದರೆ ಬೀಡಿ ಕೆಮ್ಮು ಎನ್ನುತ್ತಾರೆ. ತೂಕ ಇಳಿದರೆ ಕುಡಿದೂ ಕುಡಿದೂ ಸೊರಗಿದ ಎನ್ನುತ್ತಾರೆ. ಹಸಿವಿಲ್ಲ ಎಂದರೂ ಅದೇ ಮಾತು. ರಾತ್ರಿ ಮೈಯೆಲ್ಲ ಬೆವರಿ ಎದ್ದರೆ ನಶೆ ಇಳಿಯುತ್ತಿದೆ ಎನ್ನುತ್ತಾರೆ. ಸಂಜೆ ಜ್ವರ ಬಂದರೆ ಮಳೆಯಲ್ಲಿ ನೆನೆದಿದ್ದ, ಅದಕ್ಕೇ ಎನ್ನುತ್ತಾರೆ. ಕೆಲಸಕ್ಕೆ ಬರಲಿಲ್ಲ ಎಂದರೆ ಮೇಸ್ತ್ರಿ ಸೋಮಾರಿ ಎಂದು ಬೈಯುತ್ತಾನೆ. ಹೆಂಡತಿಯೂ ಇದನ್ನೇ ನಂಬುತ್ತಾಳೆ. ಕೊನೆಗೆ ಅವನೂ ನಂಬುತ್ತಾನೆ. ಕಫದಲ್ಲಿ ರಕ್ತ ಬಂದ ದಿನ ಮಾತ್ರ ಎಲ್ಲರೂ ಓಡುತ್ತಾರೆ. ಅಷ್ಟರಲ್ಲಿ ಶ್ವಾಸಕೋಶ ಎಷ್ಟೋ ಹಾಳಾಗಿರುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೆ ಹರಡಿರುತ್ತದೆ.

ಇನ್ನೂ ಒಂದು ತೊಡಕು ಇದೆ. ಬ್ರೌನ್ ಶುಗರ್, ಕೊಡೀನ್ ಇರುವ ಸಿರಪ್, ಅಫೀಮಿನ ಜಾತಿಯ ಮಾತ್ರೆಗಳು, ಇವೆಲ್ಲ ಕೆಮ್ಮನ್ನೇ ಅದುಮಿಬಿಡುತ್ತವೆ. ಕೊಡೀನನ್ನು ಕೆಮ್ಮಿನ ಸಿರಪ್ಪಿಗೆ ಹಾಕುವುದೇ ಅದಕ್ಕಲ್ವಾ? ಹಾಗಾಗಿ ಅದಕ್ಕೆ ಅಂಟಿಕೊಂಡ ಹುಡುಗನಿಗೆ ಟಿ.ಬಿ. ಇದ್ದರೂ ಕೆಮ್ಮು ಅಷ್ಟಾಗಿ ಕಾಣದೆ ಇರಬಹುದು. ನಮ್ಮ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯಾ ಎಂದು ಕೇಳುತ್ತಾಳೆ. ಇಲ್ಲ ಎನ್ನುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಅವಳು ಮುಂದಿನ ಮನೆಗೆ ಹೋಗುತ್ತಾಳೆ.

ಆದ್ದರಿಂದ ಇವರಿಗೆ ಬರೀ ಪ್ರಶ್ನೆ ಸಾಲದು, ಎದೆಯ ಎಕ್ಸ್‌ರೇ ಬೇಕು. ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ. 2019ರಿಂದ 2021ರವರೆಗೆ ದೇಶದಲ್ಲಿ ನಡೆದ ಕ್ಷಯರೋಗ ಸಮೀಕ್ಷೆ ಏನು ಹೇಳಿತು ನೋಡಿ. ಎಕ್ಸ್‌ರೇ ತೆಗೆಯದೆ ಬರೀ ಲಕ್ಷಣ ಕೇಳಿ ಬಿಟ್ಟಿದ್ದರೆ, ಪತ್ತೆಯಾದ ರೋಗಿಗಳಲ್ಲಿ ಶೇ. 42.6ರಷ್ಟು ಜನ ಕೈತಪ್ಪಿ ಹೋಗುತ್ತಿದ್ದರು. ಲಕ್ಷಣ ಇದ್ದವರಲ್ಲೂ ಶೇ. 60ಕ್ಕಿಂತ ಜಾಸ್ತಿ ಜನ ಯಾವ ವೈದ್ಯರ ಹತ್ತಿರವೂ ಹೋಗಿರಲಿಲ್ಲ. ಇದು ಎಲ್ಲರನ್ನೂ ಸೇರಿಸಿದ ಲೆಕ್ಕ. ನಶೆಯಲ್ಲಿರುವವರನ್ನು ಮಾತ್ರ ನೋಡಿದರೆ ಹೇಗಿರಬಹುದು, ನೀವೇ ಯೋಚಿಸಿ. ಈಗ ಕೈಯಲ್ಲಿ ಹಿಡಿದೊಯ್ಯುವಂಥ ಎಕ್ಸ್‌ರೇ ಯಂತ್ರಗಳು ಬಂದಿವೆ. ಟ್ರೂನಾಟ್ ಯಂತ್ರದಲ್ಲಿ ಕಫ ಹಾಕಿದರೆ ಒಂದೆರಡು ಗಂಟೆಯಲ್ಲಿ ಉತ್ತರ ಸಿಗುತ್ತದೆ. ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ. ಕುಯ್ಲಿನ ಸಮಯದಲ್ಲಿ ಇವು ಲೈನ್ ಮನೆಗೆ, ಹಾಡಿಗೆ ಬರಬೇಕು. ಕಾರ್ಮಿಕ ಒಂದು ದಿನದ ಕೂಲಿ ಬಿಟ್ಟು ಮಡಿಕೇರಿಗೆ ಬರಲಿ ಎಂದು ಕಾಯಬಾರದು.

ಇನ್ನು 'ಬಿಟ್ಟು ಬಾ' ಎಂಬ ಮಾತು. ನನಗೆ ಗೊತ್ತಿದ್ದ ಒಬ್ಬ ಎರವ ಆದಿವಾಸಿ, ನಲವತ್ತರ ಆಸುಪಾಸು, ಮರಗಸಿ ಕೆಲಸದಲ್ಲಿ (ತೋಟದ ನೆರಳು ಮರಗಳ ಕೊಂಬೆ ಕಡಿಯುವುದರಲ್ಲಿ) ಅವನನ್ನು ಮೀರಿಸುವವರಿರಲಿಲ್ಲ. ಎತ್ತರದ ಸಿಲ್ವರ್ ಓಕ್ ಮರವನ್ನೂ ಸಲೀಸಾಗಿ ಹತ್ತುತ್ತಿದ್ದವನು ತೋಟದ ಏರು ಹತ್ತಲಾಗದೆ ಕೂತುಬಿಡುತ್ತಿದ್ದ. ಒಂದು ಆಸ್ಪತ್ರೆಗೆ ಹೋದ. ಬಾಯಿಂದ ವಾಸನೆ ಬರುತ್ತಿತ್ತು. ಅಲ್ಲಿದ್ದವರು ಎಲ್ಲರ ಮುಂದೆ ಬೈದು, ಕುಡಿಯದೆ ಇರುವ ದಿನ ಬಾ ಎಂದು ಕಳಿಸಿದರು. ಅಂಥ ದಿನ ಅವನಿಗೆ ಇರಲೇ ಇಲ್ಲ. ಕುಡಿಯದಿದ್ದರೆ ಬೆಳಗ್ಗೆ ಕೈ ನಡುಗುತ್ತಿತ್ತು, ನಿಲ್ಲಲಿಕ್ಕೇ ಆಗುತ್ತಿರಲಿಲ್ಲ. ಮತ್ತೆ ಅವನು ಆ ಕಡೆ ಹೋಗಲಿಲ್ಲ. "ಅಕ್ಕ, ಅಲ್ಲಿಗೆ ಮಾತ್ರ ಕರೀಬೇಡಿ" ಎಂದು ನನಗೆ ಕೈ ಮುಗಿದ. ಕಫ ಕೊಡಲು ಒಪ್ಪುವಷ್ಟರಲ್ಲಿ ತುಂಬಾ ತಡವಾಗಿತ್ತು. ಅವನ ಹೆಂಡತಿಗೂ ರೋಗ ಬಂತು. ಆಕೆ ಬೀಡಿ ಕೂಡ ಮುಟ್ಟಿದವಳಲ್ಲ. ಆಕೆ ಮಾತ್ರೆ ತಗೊಂಡು ಬದುಕಿದಳು, ಅವನು ಬದುಕಲಿಲ್ಲ.

ಕುಡಿತಕ್ಕೆ ಅಂಟಿಕೊಳ್ಳುವುದು ಹಟ ಅಲ್ಲ, ಅದೂ ಒಂದು ಕಾಯಿಲೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಪೂರ್ತಿ ಇಳಿದ ಮೇಲೆ ಟಿ.ಬಿ.ಗೆ ಬಾ ಎಂದು ನಾವು ಹೇಳುತ್ತೇವೆಯೇ? ಎರಡನ್ನೂ ಒಟ್ಟಿಗೆ ನೋಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ವಿಶ್ವಸಂಸ್ಥೆಯ ಬೇರೆ ಅಂಗಗಳ ಜೊತೆ ಸೇರಿ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಕುಡಿತ ಇದೆ, ಈಗಲೂ ಮಾದಕ ವಸ್ತು ತೆಗೆದುಕೊಳ್ಳುತ್ತಾನೆ, ಮಾನಸಿಕ ಸಮಸ್ಯೆ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ತಡೆಹಿಡಿಯಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ನಶೆಯವರ ಜೊತೆ ಕೆಲಸ ಮಾಡುವ ಪ್ರತಿ ಕೇಂದ್ರದಲ್ಲೂ ಟಿ.ಬಿ. ಹುಡುಕುವ ವ್ಯವಸ್ಥೆ ಇರಬೇಕು ಎಂದೂ ಹೇಳಿದೆ. ಇದನ್ನು ನಮ್ಮ ಜಿಲ್ಲೆಯ ಪ್ರತಿ ಆಸ್ಪತ್ರೆಗೆ ಒಂದು ಸುತ್ತೋಲೆಯಾಗಿ ಕಳಿಸಿ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.

ವೈದ್ಯರ ಆತಂಕ ನನಗೆ ಅರ್ಥವಾಗುತ್ತದೆ. ಟಿ.ಬಿ.ಗೆ ಕೊಡುವ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ಭಾರ. ಕುಡಿತವೂ ಸೇರಿದರೆ ಅಪಾಯ ಹೆಚ್ಚು. ಅದಕ್ಕೆ ಲಿವರ್ ಪರೀಕ್ಷೆ ಮೇಲಿಂದ ಮೇಲೆ ಮಾಡಿಸಬೇಕು, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಬರಬೇಕು ಎಂದು ಮನೆಯವರಿಗೆ ಹೇಳಿಕೊಡಬೇಕು. ಔಷಧಿಯನ್ನೇ ಕೊಡದೆ ಕಳಿಸುವುದು ಇದಕ್ಕೆ ಪರಿಹಾರ ಅಲ್ಲ. ಬೈಗುಳಕ್ಕೆ ಹೆದರಿ ರೋಗಿಗಳು ಮಾಡುವ ಇನ್ನೊಂದು ಕೆಲಸ ಇದೆ. ಕುಡಿದ ದಿನ ಮಾತ್ರೆ ನುಂಗಬಾರದು ಎಂದು ಅವರಾಗಿಯೇ ಬಿಟ್ಟುಬಿಡುತ್ತಾರೆ, ಯಾರಿಗೂ ಹೇಳುವುದಿಲ್ಲ. ಆರು ತಿಂಗಳ ಕೋರ್ಸಿನಲ್ಲಿ ಹೀಗೆ ಬಿಟ್ಟು ಬಿಟ್ಟು ತೆಗೆದುಕೊಂಡರೆ ಔಷಧಿಗೆ ಬಗ್ಗದ ಟಿ.ಬಿ. ಹುಟ್ಟುತ್ತದೆ. ಅದು ಊರಿಗೇ ಅಪಾಯ. "ನಿನ್ನೆ ಕುಡಿದಿದ್ದೆ ಸಿಸ್ಟರ್" ಎಂದು ರೋಗಿ ಹೆದರದೆ ಹೇಳುವ ಹಾಗಿದ್ದರೆ, ವೈದ್ಯರು ಏನು ಮಾಡಬೇಕೋ ಅದನ್ನು ಮಾಡಬಹುದು.

ರಿಫಾಂಪಿಸಿನ್ ಬಗ್ಗೆ ಇನ್ನೂ ಒಂದು ಮಾತು. ಅದನ್ನು ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆ ಎಸೆಯುತ್ತಾರೆ. ಬ್ರೌನ್ ಶುಗರ್ ಬಿಡಲೆಂದು ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ತೆಗೆದುಕೊಳ್ಳುತ್ತಿರುವವರಿಗಂತೂ, ರಿಫಾಂಪಿಸಿನ್ ಶುರುವಾದ ಮೇಲೆ ಆ ಔಷಧಿ ಮೈಯಿಂದ ಬೇಗ ಖಾಲಿಯಾಗುತ್ತದೆ. ಮೈಕೈ ನೋವು, ನಡುಕ, ಚಡಪಡಿಕೆ ಮತ್ತೆ ಬರುತ್ತದೆ. ಟಿ.ಬಿ. ಮಾತ್ರೆ ಆಗಿಬರುತ್ತಿಲ್ಲ ಎಂದುಕೊಂಡು ಅದನ್ನೇ ಬಿಡುತ್ತಾರೆ. ನಶೆ ಬಿಡಿಸುವ ವೈದ್ಯರೂ ಟಿ.ಬಿ. ವೈದ್ಯರೂ ಮಾತಾಡಿಕೊಂಡು ಡೋಸ್ ಸರಿಮಾಡಿದರೆ ಈ ತೊಂದರೆ ಇರುವುದಿಲ್ಲ. ಅವರಿಬ್ಬರೂ ಮಾತಾಡಿಕೊಳ್ಳುವ ಏರ್ಪಾಡು ಬೇಕು, ಅಷ್ಟೇ.

ಇಲ್ಲಿ ಜಿಲ್ಲಾಧಿಕಾರಿಗಳಿಗೆ ಒಂದು ಮನವಿ. ಮಾದಕ ವಸ್ತು ತಡೆಯುವ ಜಿಲ್ಲಾ ಸಮಿತಿಯ ಸಭೆ ನಿಮ್ಮ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಕ್ಷಯದ ಜಿಲ್ಲಾ ವೇದಿಕೆಗೂ ನೀವೇ ಅಧ್ಯಕ್ಷರು. ಮೊದಲ ಸಭೆಯಲ್ಲಿ ಎಷ್ಟು ಕೆ.ಜಿ. ಗಾಂಜಾ ಹಿಡಿದರು, ಎಷ್ಟು ಕೇಸ್ ಹಾಕಿದರು ಎಂಬ ಮಾತು. ಎರಡನೆಯದರಲ್ಲಿ ಎಷ್ಟು ಕಫ ಪರೀಕ್ಷೆ ಆಯಿತು ಎಂಬ ಮಾತು. ಎರಡೂ ಕಡೆ ಅದೇ ಮನುಷ್ಯನ ವಿಷಯವೇ ಇರಬಹುದು. ಮಾದಕ ವಸ್ತು ಸಭೆಗೆ ಕ್ಷಯರೋಗ ಅಧಿಕಾರಿಯನ್ನು ಕೂರಿಸಿ. ನಶೆ ಬಿಡಿಸಲು ಬಂದವರಲ್ಲಿ ಎಷ್ಟು ಜನರಿಗೆ ಎಕ್ಸ್‌ರೇ ಆಯಿತು, ಟಿ.ಬಿ. ರೋಗಿಗಳಲ್ಲಿ ಎಷ್ಟು ಜನರಿಗೆ ನಶೆ ಬಿಡಲು ಸಹಾಯ ಸಿಕ್ಕಿತು ಎಂದು ಪ್ರತಿ ಸಭೆಯಲ್ಲೂ ಕೇಳಿ. ಮೇಲಿನವರು ಕೇಳಿದ್ದನ್ನು ಕೆಳಗಿನವರು ಮಾಡುತ್ತಾರೆ. ನಾನು ಸರ್ಕಾರಿ ಕೆಲಸದಲ್ಲಿ ಇದ್ದವಳು, ಅದನ್ನು ಕಂಡು ಹೇಳುತ್ತಿದ್ದೇನೆ.

ಪೊಲೀಸ್ ಅಧಿಕಾರಿಗಳೇ, ಮಾರುವವರನ್ನು ಹಿಡಿಯಿರಿ. ಅದರಲ್ಲಿ ನನಗೆ ಎರಡು ಮಾತಿಲ್ಲ. ಸೇದುವ ಹುಡುಗನ ವಿಷಯ ಬೇರೆ. 1985ರ ಎನ್.ಡಿ.ಪಿ.ಎಸ್. ಕಾಯಿದೆಯಲ್ಲೇ (ಮಾದಕ ವಸ್ತು ತಡೆಯುವ ಕಾಯಿದೆ) 64-ಎ ಕಲಂ ಇದೆ. ಸೇವನೆಯ ಕೇಸ್ ಅಥವಾ ಸಣ್ಣ ಪ್ರಮಾಣದ ಕೇಸ್ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ನಶೆ ಬಿಡುವ ಚಿಕಿತ್ಸೆಗೆ ಬಂದರೆ ಅವನಿಗೆ ಶಿಕ್ಷೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು ಎಂಬ ಷರತ್ತಿದೆ. ಈ ವಿಷಯ ನಮ್ಮ ಜಿಲ್ಲೆಯ ಎಷ್ಟು ತಾಯಂದಿರಿಗೆ ಗೊತ್ತಿದೆ? ಆಸ್ಪತ್ರೆಗೆ ಕರೆದುಕೊಂಡು ಹೋದರೆ ಮಗನನ್ನು ಸ್ಟೇಷನ್‌ಗೆ ಒಯ್ಯುತ್ತಾರೆ ಎಂದು ಹೆದರಿ, ಬಾಗಿಲು ಹಾಕಿ ಕೂರಿಸುವ ಮನೆಗಳನ್ನು ನಾನು ನೋಡಿದ್ದೇನೆ. ಆ ಹುಡುಗ ಕೆಮ್ಮುತ್ತಾ ಒಳಗೇ ಇರುತ್ತಾನೆ. ನಿಮ್ಮ ಜಾಗೃತಿ ಕಾರ್ಯಕ್ರಮಗಳಲ್ಲಿ ಶಿಕ್ಷೆಯ ಕಲಂಗಳ ಜೊತೆ ಇದನ್ನೂ ಹೇಳಿ.

ಮದ್ಯವರ್ಜನ ಶಿಬಿರ ನಡೆಸುವ ಹಿರಿಯರಿಗೂ ಒಂದು ಮಾತು. ನೀವು ಎಷ್ಟೋ ಸಂಸಾರ ಉಳಿಸಿದ್ದೀರಿ. ಆದರೆ ಒಂದೇ ಹಾಲ್‌ನಲ್ಲಿ ಹತ್ತಾರು ಜನರನ್ನು ದಿನಗಟ್ಟಲೆ ಮಲಗಿಸುತ್ತೀರಿ. ಸೇರಿಸಿಕೊಳ್ಳುವ ದಿನವೇ ಎಲ್ಲರ ಎದೆ ಎಕ್ಸ್‌ರೇ, ಕಫ ಪರೀಕ್ಷೆ ಮಾಡಿಸಿ. ಆರೋಗ್ಯ ಇಲಾಖೆಗೆ ಒಂದು ವಾರ ಮೊದಲು ತಿಳಿಸಿ. ಹಾಲ್‌ನ ಕಿಟಕಿಗಳನ್ನು ತೆರೆದಿಡಿ.

ಬೆಳೆಗಾರರೇ, ನಿಮ್ಮ ಹತ್ತಿರ ನನ್ನ ವಿನಂತಿ ಸ್ವಲ್ಪ ಉದ್ದ ಇದೆ. ಟಿ.ಬಿ. ಎಂದು ಗೊತ್ತಾದ ತಕ್ಷಣ ಕಾರ್ಮಿಕನ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸಬೇಡಿ. ಮನೆ ಖಾಲಿ ಮಾಡಿಸಬೇಡಿ. ಅವನು ಮೂರು ದಿನ ರೈಲಿನ ಜನರಲ್ ಬೋಗಿಯಲ್ಲಿ ಕೆಮ್ಮುತ್ತಾ ಹೋಗುತ್ತಾನೆ, ಮಾತ್ರೆ ಅರ್ಧಕ್ಕೆ ನಿಲ್ಲುತ್ತದೆ. ಅವನ ಜೊತೆ ಕೋಣೆಯಲ್ಲಿದ್ದವರು ಪರೀಕ್ಷೆಯಿಲ್ಲದೆ ನಿಮ್ಮ ತೋಟದಲ್ಲೇ ಉಳಿಯುತ್ತಾರೆ. ಸರಿಯಾದ ಔಷಧಿ ಶುರುವಾದ ಎರಡು ವಾರದ ಹೊತ್ತಿಗೆ ಹರಡುವ ಅಪಾಯ ಬಹಳ ಮಟ್ಟಿಗೆ ಇಳಿಯುತ್ತದೆ. ಮನೆಯಲ್ಲೇ ಇಟ್ಟುಕೊಂಡು ಗುಣಪಡಿಸಬಹುದು ಎಂದು 1959ರಲ್ಲೇ ಮದ್ರಾಸಿನ ಕ್ಷಯರೋಗ ಕೇಂದ್ರದವರು ತೋರಿಸಿದ್ದಾರೆ. ಬಡವರ ಇಕ್ಕಟ್ಟಿನ ಮನೆಗಳಲ್ಲೇ ಇದ್ದು ಮಾತ್ರೆ ತೆಗೆದುಕೊಂಡವರು ಸ್ಯಾನಟೋರಿಯಂನಲ್ಲಿ (ಕ್ಷಯರೋಗಿಗಳ ಆಸ್ಪತ್ರೆಯಲ್ಲಿ) ಇದ್ದವರಷ್ಟೇ ಹೆಚ್ಚುಕಡಿಮೆ ಗುಣವಾದರು. ಅವರ ಮನೆಯವರಿಗೆ ರೋಗವೂ ಹೆಚ್ಚಾಗಿ ಬರಲಿಲ್ಲ. ಅವತ್ತಿಗಿಂತ ಇವತ್ತಿನ ಔಷಧಿ ಎಷ್ಟೋ ಚೆನ್ನಾಗಿದೆ. ಊರಿಗೆ ಹೋಗಲೇಬೇಕಾದರೆ, ಹೋಗುವ ಮೊದಲು ಆರೋಗ್ಯ ಕೇಂದ್ರಕ್ಕೆ ಹೇಳಿ. ಟಿ.ಬಿ. ರೋಗಿಗಳ ವಿವರ ಇರುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಅವನ ಹೆಸರನ್ನು ಅವನ ಊರಿನ ಕೇಂದ್ರಕ್ಕೆ ವರ್ಗಾಯಿಸುತ್ತಾರೆ. ಅಲ್ಲಿ ಮಾತ್ರೆ ಮುಂದುವರಿಯುತ್ತದೆ.

ಊಟದ ವಿಷಯ ಸಣ್ಣದಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿತು. ಟಿ.ಬಿ. ರೋಗಿಗಳ ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟು ನೋಡಿದರು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಮನೆಯವರಲ್ಲಿ ಹೊಸದಾಗಿ ಟಿ.ಬಿ. ಬರುವುದು ಶೇ. 39ರಿಂದ 48ರಷ್ಟು ಕಡಿಮೆಯಾಯಿತು. ಅದೇ ಜಾರ್ಖಂಡ್‌ನ ಜನ ನಮ್ಮ ತೋಟಗಳಿಗೆ ಕಾಫಿ ಕುಯ್ಯಲು ಬರುತ್ತಾರೆ. ಸರ್ಕಾರ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಗಿದೆ. ಆದರೆ ದುಡಿಯುವ ಗಂಡಸು ಹಾಸಿಗೆ ಹಿಡಿದ ಮನೆಯಲ್ಲಿ ಅದು ಎಷ್ಟು ದಿನಕ್ಕೆ ಬಂದೀತು? ಆ ಹಣ ಕುಡಿತಕ್ಕೆ ಹೋಗುತ್ತದೆ ಎಂಬ ಮಾತೂ ಕೇಳುತ್ತೇನೆ. ಹಾಗಿದ್ದರೆ ದಿನಸಿ ಕೊಡಿ, ಮನೆಯ ಹೆಂಗಸಿನ ಕೈಗೆ ಕೊಡಿ. ನಿಕ್ಷಯ್ ಮಿತ್ರ ಯೋಜನೆಯಲ್ಲಿ ಯಾರು ಬೇಕಾದರೂ ರೋಗಿಗಳಿಗೆ ಆಹಾರದ ಕಿಟ್ ಕೊಡಬಹುದು. ಒಂದೊಂದು ತೋಟ ತನ್ನ ಲೈನಿನ ರೋಗಿಗಳನ್ನು ನೋಡಿಕೊಂಡರೂ ಸಾಕು. ಮೊಟ್ಟೆ, ಬೇಳೆ, ಎಣ್ಣೆ ಆರು ತಿಂಗಳು ಕೊಡುವುದು ದೊಡ್ಡ ತೋಟಗಳಿಗೆ ಭಾರವಾಗದು.

ರೋಗಿ ಇರುವ ಮನೆಯ ಮಕ್ಕಳನ್ನು ಮರೆಯಬೇಡಿ. ಪರೀಕ್ಷೆಯಲ್ಲಿ ರೋಗ ಇಲ್ಲ ಎಂದಾದವರಿಗೆ ರೋಗ ಬಾರದ ಹಾಗೆ ತಡೆಯುವ ಮಾತ್ರೆ ಸರ್ಕಾರದಿಂದಲೇ ಸಿಗುತ್ತದೆ. ಅಪ್ಪ ಕುಡುಕ ಎಂಬ ಕಾರಣಕ್ಕೆ ಆ ಮನೆಗೆ ಯಾರೂ ಹೋಗದಿದ್ದರೆ ಮಕ್ಕಳಿಗೂ ಅದು ತಪ್ಪಿಹೋಗುತ್ತದೆ.

ಇದನ್ನು ಓದುತ್ತಿರುವ ಮನೆಯವರು ಯಾರಾದರೂ ಇದ್ದರೆ, ಟಿ.ಬಿ. ಬಗ್ಗೆ ಕೇಳಲು 1800-11-6666, ನಶೆ ಬಿಡಲು ಸಹಾಯಕ್ಕೆ 14446. ಎರಡಕ್ಕೂ ಹಣ ಬೇಕಿಲ್ಲ.

ಎಲ್ಲವನ್ನೂ ಒಂದೇ ಸಲ ಮಾಡಿ ಎಂದು ನಾನು ಕೇಳುತ್ತಿಲ್ಲ. ಈ ಕುಯ್ಲಿಗೆ ಒಂದು ಹೋಬಳಿ ಆರಿಸಿಕೊಳ್ಳಿ. ಅಮ್ಮತ್ತಿ ಆಗಬಹುದು, ಸುಂಟಿಕೊಪ್ಪ ಆಗಬಹುದು. ಎಕ್ಸ್‌ರೇ ಯಂತ್ರ, ಕಫ ಪರೀಕ್ಷೆಯವರು, ನಶೆ ಬಿಡಿಸುವ ಆಪ್ತ ಸಮಾಲೋಚಕರು, ಮೂವರೂ ಒಟ್ಟಿಗೆ ಒಂದೇ ವಾಹನದಲ್ಲಿ ಸಂಜೆ ಕೆಲಸ ಬಿಟ್ಟ ಮೇಲೆ ಲೈನ್ ಮನೆಗಳಿಗೆ ಹೋಗಲಿ. ಕುಡಿದವನನ್ನೂ ಕೂರಿಸಿಕೊಂಡು ಕಫ ತೆಗೆದುಕೊಳ್ಳಲಿ. ಎರವ, ಕುರುಬ, ಹಿಂದಿ, ಅಸ್ಸಾಮಿ ಮಾತು ಬರುವವರೊಬ್ಬರು ಜೊತೆಗಿರಲಿ. ಅಲ್ಲಿ ಸಿಕ್ಕ ಲೆಕ್ಕವನ್ನು ಜನರ ಮುಂದೆ ಇಡಿ. ಮುಂದಿನ ಹೋಬಳಿಗೆ ಏನು ಬೇಕು ಎಂದು ಅದೇ ಹೇಳುತ್ತದೆ. ಕ್ಷಯದ ಜಿಲ್ಲಾ ವೇದಿಕೆಯ ಮುಂದಿನ ಸಭೆಯಲ್ಲಿ ಈ ವಿಷಯ ತೆಗೆದುಕೊಂಡು, ತಾರೀಖು ಪತ್ರಿಕೆಯಲ್ಲಿ ತಿಳಿಸಿ. ನಾನು ಬರುತ್ತೇನೆ. ನನ್ನ ಜೊತೆ ಕೆಲಸ ಮಾಡಿದ ನಿವೃತ್ತ ಸಿಸ್ಟರ್‌ಗಳೂ ಬರಲು ಸಿದ್ಧರಿದ್ದಾರೆ. ಸಂಬಳ ಬೇಡ, ಹೋಗಿ ಬರಲು ಜೀಪಿನ ವ್ಯವಸ್ಥೆ ಮಾಡಿದರೆ ಸಾಕು.

ಇಂತಿ,
ದಕ್ಷಿಣ ಕೊಡಗಿನ ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ